ಹೂವನ್ನು ಕೀಳದೆ ಬಿಡಿಸುವುದು

ಕಣ್ಣಿನ ವಿಷಯವನ್ನು ಕಿವಿಗೆ ಒಪ್ಪಿಸುವ ಕೆಲಸ ಇವತ್ತಿನದು. ಆದ್ದರಿಂದ ಚಿತ್ರಕ್ಕೆ ಹೋಗುವ ಮೊದಲು ಒಂದು ಮಾತನ್ನು ಹಿಡಿದುಕೊಳ್ಳೋಣ. ನಮ್ಮ ಭಾಷೆಯಲ್ಲಿ ‘ಬಿಡಿಸು’ ಎಂಬ ಕ್ರಿಯಾಪದವಿದೆ. ಗಿಡದಿಂದ ಹೂ ಬಿಡಿಸುತ್ತೇವೆ, ಹಾಳೆಯ ಮೇಲೂ ಹೂ ಬಿಡಿಸುತ್ತೇವೆ. ಶೇಂಗಾ ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ, ಜಗಳವನ್ನೂ ಬಿಡಿಸುತ್ತೇವೆ. ಕೀಳುವುದಕ್ಕೂ ಬರೆಯುವುದಕ್ಕೂ ಒಂದೇ ಮಾತು ಸಾಕಾದದ್ದರಲ್ಲಿ ಅರ್ಥವಿದೆ: ಎರಡರಲ್ಲೂ ನಾವು ಒಂದು ವಸ್ತುವನ್ನು ಅದು ಸಿಕ್ಕಿಕೊಂಡಿರುವ ಗೊಂದಲದಿಂದ ಬೇರ್ಪಡಿಸುತ್ತೇವೆ. ಬಿ.ಜಿ.ಎಲ್. ಸ್ವಾಮಿಯವರು ‘ಹಸುರು ಹೊನ್ನು’ ಪುಸ್ತಕಕ್ಕೆ ತಾವೇ ರೇಖಾಚಿತ್ರಗಳನ್ನು ಬರೆದರು. ಆ ಚಿತ್ರಗಳಲ್ಲಿ ಗಿಡದ ಸುತ್ತ ಬಿಳಿ ಹಾಳೆ ಮಾತ್ರ ಇರುತ್ತದೆ. ಪಕ್ಕದ ಪೊದೆ, ಒಣಗಿದ ಹುಲ್ಲು, ದಾರಿಯಲ್ಲಿ ನಿಂತವರ ಕಾಲು ಯಾವುದೂ ಇಲ್ಲ. ಅವನ್ನು ಅಳಿಸಲು ಅವರು ಶ್ರಮಪಡಬೇಕಾಗಿರಲಿಲ್ಲ, ಬರೆಯದೆ ಬಿಟ್ಟರೆ ಸಾಕಿತ್ತು. ಚಿತ್ರಕಾರ ಖಾಲಿಯಿಂದ ಶುರುಮಾಡಿ ಬೇಕಾದ್ದನ್ನು ಸೇರಿಸುತ್ತಾನೆ. ಕ್ಯಾಮೆರಾ ಹಿಡಿದವನು ತುಂಬಿದ ಚೌಕಟ್ಟಿನಿಂದ ಶುರುಮಾಡಿ ಬೇಡವಾದದ್ದನ್ನು ಕಳೆಯುತ್ತಾ ಹೋಗಬೇಕು. ಹೂವನ್ನು ಹತ್ತಿರದಿಂದ ತೆಗೆಯುವ ಛಾಯಾಚಿತ್ರದಲ್ಲಿ ಮೊದಲು ಆರಿಸಬೇಕಾದದ್ದು ಹಿನ್ನೆಲೆ, ಹೂವಿನ ಸರದಿ ಆಮೇಲಿನದು ಎಂಬುದು ಈ ಭಾಷಣದ ವಾದ. ಸರದಿ ತಿರುಗಿಸಿದಂತೆ ಕೇಳಿಸಬಹುದು. ಹಾಗಾಗಿ ಒಂದು ಹೊಲದಲ್ಲಿ ನಿಂತು ಇದನ್ನು ಪರೀಕ್ಷಿಸೋಣ.

ಹೊಲ ಗಜೇಂದ್ರಗಡ ತಾಲ್ಲೂಕಿನ ರಾಜೂರಿನದು ಎಂದಿಟ್ಟುಕೊಳ್ಳಿ. ರೋಣ, ನರಗುಂದ, ಗಜೇಂದ್ರಗಡದ ಎರಿ ಸೀಮೆಗೆಲ್ಲ ಇದೇ ಮಾತು ಹೊಂದುತ್ತದೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆ ಎರಚಲು, ಜನ ಹೊಲಕ್ಕೆ ಹೋಗುವ ಹೊತ್ತಿಗೆ ಹಿಂಗಾರಿ ಬೆಳೆ ಬಣ್ಣಕ್ಕೆ ಬಂದಿರುತ್ತದೆ. ಜೋಳ ತೆನೆ ಹಿರಿಯುತ್ತಿರುತ್ತದೆ, ಕಡಲೆಯಲ್ಲಿ ಚಿಕ್ಕ ನೇರಳೆ ಹೂ, ಅಗಸಿಯಲ್ಲಿ ತಿಳಿನೀಲಿ. ದನ ನುಗ್ಗದಿರಲೆಂದು ಜೋಳದ ಸುತ್ತ ಹಾಕಿದ ಅಕ್ಕಡಿ ಸಾಲಿನಲ್ಲಿ ಮುಳ್ಳುಮುಳ್ಳಾದ ಕುಸುಬಿ ಹೂಬಿಡಲು ಶುರುವಾಗಿರುತ್ತದೆ. ಹಬ್ಬದ ದಿನ ಇಂಥ ಹೊಲದಲ್ಲಿ ಫೋನು ಹೊರತೆಗೆಯದವರು ಈಗ ಕಡಿಮೆ. ಕುಸುಬಿಯ ಹೂ ತೆಗೆಯುತ್ತಾರೆ, ಮನೆಗೆ ಬಂದು ನೋಡಿದರೆ ಹೊಲದಲ್ಲಿ ಕಂಡ ಹೂ ಅದರಲ್ಲಿರುವುದಿಲ್ಲ. ಕೆಂಡದ ಬಣ್ಣದ ಹೂವಿನ ತಲೆಯ ಮೇಲೊಂದು ಜೋಳದ ದಂಟು ಮೂಡಿರುತ್ತದೆ, ಬಲಕ್ಕೆ ಬಿಳಿ ಬಾನಿನ ತುಂಡು ಕಣ್ಣು ಕುಕ್ಕುತ್ತದೆ, ಹಿಂದೆ ಯಾರದೋ ಬುತ್ತಿಯ ಬುಟ್ಟಿಯ ಅಂಚು. ಹೂವೇನೋ ಅದೇ. ವ್ಯತ್ಯಾಸ ಬಂದದ್ದು ನೋಡುವ ರೀತಿಯಲ್ಲಿ. ಕಣ್ಣಿನ ಹಿಂದೆ ಮನಸ್ಸಿದೆ. ಅದು ಬೇಕಾದ್ದಕ್ಕೆ ಅಂಟಿಕೊಂಡು ಉಳಿದದ್ದನ್ನು ಕಂಡೂ ಕಾಣದಂತೆ ಬಿಡುತ್ತದೆ. ಇದರ ಜೊತೆಗೆ ಎರಡು ಕಣ್ಣುಗಳಿಂದ ನೋಡುವ ನಮಗೆ ಹೂ ಮುಂದೆ, ದಂಟು ಹಿಂದೆ ಎಂಬ ದೂರದ ಅರಿವೂ ಇರುತ್ತದೆ. ಒಂಟಿಗಣ್ಣಿನ ಕ್ಯಾಮೆರಾ ಎರಡನ್ನೂ ಒಂದೇ ಹಾಳೆಗೆ ಒತ್ತಿಬಿಡುತ್ತದೆ. ಎರಡು ಮಾರು ಹಿಂದಿದ್ದ ದಂಟು ಹೂವಿನ ನೆತ್ತಿಗೆ ಅಂಟುವುದು ಹೀಗೆ.

‘ಹಿನ್ನೆಲೆಯನ್ನು ಮಸುಕು ಮಾಡಿದರಾಯಿತು’ ಎಂಬುದು ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ. ಅಪರ್ಚರ್, ಅಂದರೆ ಲೆನ್ಸಿನ ಬಾಯಿ, ದೊಡ್ಡದಾಗಿ ತೆರೆ, ಹಿಂದಿನದೆಲ್ಲ ಕರಗುತ್ತದೆ ಎಂಬ ಸಲಹೆಯನ್ನು ಕ್ಯಾಮೆರಾ ಮಾರುವವರೂ ಕೊಡುತ್ತಾರೆ. ಈ ಆಕ್ಷೇಪಣೆಗೆ ಲೆಕ್ಕ ಬಿಡಿಸಿಯೇ ಉತ್ತರ ಹೇಳಬೇಕು. 36 ಮಿಲಿಮೀಟರ್ ಅಗಲದ ಸೆನ್ಸರ್, 100 ಮಿ.ಮೀ.ನ ಮ್ಯಾಕ್ರೋ ಲೆನ್ಸ್, ಹೂವಿನ ಅರ್ಧ ಗಾತ್ರದ ಬಿಂಬ ಎಂದು ಹಿಡಿಯಿರಿ. ಅಂದರೆ ಸುಮಾರು ಏಳು ಸೆಂಟಿಮೀಟರ್ ಅಗಲ, ಐದು ಸೆಂಟಿಮೀಟರ್ ಎತ್ತರದ ಜಾಗ ಚೌಕಟ್ಟಿನಲ್ಲಿ ತುಂಬುತ್ತದೆ. ಒಂದಂಗುಲದ ಕುಸುಬಿ ಹೂವಿಗೆ ಇದು ಹದವಾದ ಅಳತೆ. ಎಫ್ ಅಂಕಿ ಹೆಚ್ಚಿದಷ್ಟೂ ಲೆನ್ಸಿನ ಬಾಯಿ ಕಿರಿದು; ಎಫ್ 8ರಲ್ಲಿ ತೆಗೆದರೆ ಚೂಪಾಗಿ ಕಾಣುವ ಆಳ ಹೆಚ್ಚೆಂದರೆ ಮೂರು ಮಿ.ಮೀ. ಬಿಂಬ ಹೂವಿನಷ್ಟೇ ಗಾತ್ರದ್ದಾದರೆ ಒಂದೇ ಮಿ.ಮೀ. ಇಷ್ಟು ಕಿರಿದಾದ ಆಳ ಕೇಳಿದರೆ ಹಿಂದಿನದೆಲ್ಲ ತಾನಾಗಿ ಅಳಿಸಿಹೋಗಬೇಕು ಅನಿಸುತ್ತದೆ. ಹಾಗಾಗುವುದಿಲ್ಲ. ಅದೇ ಅರ್ಧ ಗಾತ್ರದ ಬಿಂಬದಲ್ಲಿ, ಹೂವಿನಿಂದ ಐದು ಸೆಂಟಿಮೀಟರ್ ಹಿಂದಿರುವ ಕಡ್ಡಿಯೊಂದು ಹೂವಿನ ಅಳತೆಯಲ್ಲಿ ಹರಡಿಕೊಳ್ಳುವುದು ಎರಡು ಮಿ.ಮೀ.ಗಿಂತ ಕಡಿಮೆ. ಕಡ್ಡಿಯೇ ಮೂರು ಮಿ.ಮೀ. ದಪ್ಪವಿದ್ದರೆ ಅದು ಇನ್ನೂ ಕಡ್ಡಿಯಾಗಿಯೇ, ಕೊಂಚ ಕೊಳೆಯಾದ ಕಡ್ಡಿಯಾಗಿ ಕಾಣುತ್ತದೆ. ಗೇಣು ದೂರದಲ್ಲಿದ್ದರೆ ಹರಡುವುದು ಐದೂವರೆ ಮಿ.ಮೀ.ನಷ್ಟು, ಮೊಳದಾಚೆಗೆ ಏಳೂವರೆ, ಮಾರು ದೂರಕ್ಕೆ ಹನ್ನೊಂದರ ಹತ್ತಿರ. ಅಲ್ಲಿಂದಾಚೆಗೆ ಎಷ್ಟು ದೂರ ಹೋದರೂ, ದಿಗಂತದ ಗುಡ್ಡದವರೆಗೆ ಹೋದರೂ, ಅದು ಹನ್ನೆರಡೂವರೆಯನ್ನು ದಾಟುವುದಿಲ್ಲ. ಹೂವಿನ ಹಿಂದೆ ಒಂದು ಮಾರು ಬಯಲು ಸಿಕ್ಕಿದರೆ ಸಿಗಬೇಕಾದದ್ದು ಬಹುಪಾಲು ಸಿಕ್ಕಿತು, ಮೊಳವಷ್ಟೇ ಸಿಕ್ಕಿದರೆ ಅರ್ಧಕ್ಕಿಂತ ತುಸು ಹೆಚ್ಚು. ಕುಸುಬಿಯ ಸಾಲಿನಿಂದ ಸಾಲಿಗೆ ಹೆಚ್ಚುಕಡಿಮೆ ಮೊಳದ ಅಂತರವೇ ಇರುವುದು! ಸಾಲಿಗೆ ಅಡ್ಡಲಾಗಿ ಕ್ಯಾಮೆರಾ ಹಿಡಿದರೆ ಹಿಂದಿನ ಸಾಲಿನ ಹೂ ಒಂದು ಸೆಂಟಿಮೀಟರಿನ ಹಳದಿ ಉಂಡೆಯಾಗಿ ಮುಂದಿನ ಹೂವಿನ ಜೊತೆ ಪೈಪೋಟಿಗಿಳಿಯುತ್ತದೆ. ಅದೇ ಗಿಡವನ್ನು ಕೂರಿಗೆ ಸಾಲಿನ ಗುಂಟ, ಎರಡು ಸಾಲುಗಳ ನಡುವಿನ ಬರಿ ನೆಲ ಹಿಂದೆ ಬರುವಂತೆ ನೋಡಿದರೆ ಮಾರುಗಟ್ಟಲೆ ಬಯಲು ತೆರೆದುಕೊಳ್ಳುತ್ತದೆ. ಇನ್ನು ಅಪರ್ಚರನ್ನು ಎಫ್ 2.8ಕ್ಕೆ ತೆರೆದರೆ? ಹತ್ತಿರದ ಕಡ್ಡಿ ಐದು ಮಿ.ಮೀ.ನಷ್ಟು ಹರಡುತ್ತದೆ ನಿಜ, ಆದರೆ ಹೂವಿನಲ್ಲಿ ಚೂಪಾಗಿ ಉಳಿಯುವುದು ಒಂದು ಮಿ.ಮೀ. ಮಾತ್ರ. ಹಿನ್ನೆಲೆಯನ್ನು ಓಡಿಸಲು ಹೋಗಿ ಹೂವನ್ನೇ ಕಳೆದುಕೊಂಡಂತಾಯಿತು. ದೂರವನ್ನು ಆರಿಸಿಕೊಂಡವರು ಈ ದಂಡ ತೆರಬೇಕಿಲ್ಲ.

ಇದರ ಜೊತೆಗೆ ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಒಂದು ಮೋಸವೂ ಇದೆ. ಅವುಗಳ ಕಿಂಡಿಯಲ್ಲಿ ನೋಡುವಾಗ ಲೆನ್ಸು ಪೂರ್ತಿ ತೆರೆದಿರುತ್ತದೆ, ಹಿನ್ನೆಲೆ ಬೆಣ್ಣೆಯಂತೆ ಕಾಣುತ್ತದೆ. ಗುಂಡಿ ಒತ್ತಿದ ಕ್ಷಣ ಅಪರ್ಚರ್ ಎಫ್ 11ಕ್ಕೋ 16ಕ್ಕೋ ಮುಚ್ಚಿಕೊಂಡು, ಕಿಂಡಿಯಲ್ಲಿ ಇಲ್ಲದ ಕಡ್ಡಿಕಸವೆಲ್ಲ ಚಿತ್ರದಲ್ಲಿ ಎದ್ದುಬರುತ್ತದೆ. ಅಪರ್ಚರನ್ನು ಮುಂಚೆಯೇ ಮುಚ್ಚಿ ತೋರಿಸುವ ಚಿಕ್ಕ ಗುಂಡಿಯೊಂದು ಅನೇಕ ಕ್ಯಾಮೆರಾಗಳಲ್ಲಿ ಲೆನ್ಸಿನ ಬುಡದಲ್ಲೇ ಇರುತ್ತದೆ. ಅದನ್ನು ಮುಟ್ಟದೆಯೇ ಕ್ಯಾಮೆರಾ ಹಳೆಯದಾಗುವುದೇ ಹೆಚ್ಚು.

ಲೆನ್ಸಿನ ಆಯ್ಕೆಯನ್ನೂ ಹಿನ್ನೆಲೆಯ ಕಡೆಯಿಂದಲೇ ನೋಡಬೇಕು. 50, 100, 200 ಮಿ.ಮೀ. ಮೂರು ಲೆನ್ಸುಗಳಲ್ಲಿ ಹೂವನ್ನು ಒಂದೇ ಗಾತ್ರಕ್ಕೆ ತಂದುಕೊಂಡರೆ ಹೂ ಹೆಚ್ಚುಕಡಿಮೆ ಒಂದೇ ಬಗೆಯಾಗಿ ಕಾಣುತ್ತದೆ, ಚೂಪಾಗುವ ಆಳವೂ ಒಂದೇ. ಬದಲಾಗುವುದು ಅದರ ಹಿಂದಿನ ಪ್ರಪಂಚ. ಹೂವಿನಿಂದ ಮೂರು ಮೀಟರ್ ಹಿಂದೆ 50 ಮಿ.ಮೀ. ಲೆನ್ಸು ಒಂದೂವರೆ ಮೀಟರ್ ಅಗಲದ ನೆಲವನ್ನು ಚೌಕಟ್ಟಿಗೆ ಎಳೆದುಕೊಂಡರೆ, 100ರದು ಎಂಟು ನೂರು ಮಿ.ಮೀ.ಗೆ, 200ರದು ಅರ್ಧ ಮೀಟರಿಗಿಂತ ಕಡಿಮೆಗೆ ಇಳಿಯುತ್ತದೆ. ಒಂದೂವರೆ ಮೀಟರ್ ಅಗಲದ ಶುದ್ಧ ನೆಲ ಹೊಲದಲ್ಲಿ ಹುಡುಕಿದರೂ ಸಿಗದು. ಮೊಳದಷ್ಟು ನೆಲ ಎಲ್ಲಿ ಬೇಕಾದರೂ ಸಿಕ್ಕೀತು, ಎರಡು ಜೋಳದ ಗಿಡಗಳ ನಡುವಿನ ನೆರಳೂ ಸಾಕಾದೀತು. ಉದ್ದ ಲೆನ್ಸು ಕೊಳ್ಳಲು ಹಣವಿಲ್ಲದವರು ಬೇಸರಿಸಬೇಕಿಲ್ಲ, ಕಾಸಿಲ್ಲದ ಉಪಾಯವೂ ಇದೆ: ಜರುಗುವುದು. ಹೂವನ್ನು ನಡುವಿಟ್ಟುಕೊಂಡು ಲೆನ್ಸನ್ನು ಒಂದಂಗುಲ ಬಲಕ್ಕೆ ಜರುಗಿಸಿದರೆ, ಮೇಲಿನ ಲೆಕ್ಕದ 100 ಮಿ.ಮೀ. ಲೆನ್ಸಿನಲ್ಲಿ, ಮೂರು ಮೀಟರ್ ಹಿಂದಿನ ದೃಶ್ಯ ಹೂವಿನ ಹಿಂದೆ ಹತ್ತಂಗುಲ ಬಲಕ್ಕೆ ಸರಿಯುತ್ತದೆ. ಕೈ ಒಂದು ಪಟ್ಟು ಸರಿದರೆ ಹಿನ್ನೆಲೆ ಹತ್ತು ಪಟ್ಟು. ಬಿಳಿ ಬಾನಿನ ತುಂಡನ್ನು ಚೌಕಟ್ಟಿನಿಂದ ಹೊರಹಾಕಲು ಮಂಡಿಯಿಂದ ತುಸು ಮೇಲೆದ್ದರೆ ಸಾಕು, ದಂಟನ್ನು ಹೂವಿನ ನೆತ್ತಿಯಿಂದ ಇಳಿಸಲು ಭುಜ ವಾಲಿಸಿದರೆ ಸಾಕು. ಹೂವಿನ ಛಾಯಾಗ್ರಾಹಕರು ಹೊಲದಲ್ಲಿ ತೇಯ್ಮಾನವಾಗುವುದು ಮೊಳಕಾಲಿನಿಂದ ಎಂದರೆ ತಮಾಷೆಯಲ್ಲ.

ಹಿನ್ನೆಲೆಯಲ್ಲಿ ಏನಿದೆ ಎಂಬ ಪ್ರಶ್ನೆ ಮಸುಕಿನಿಂದ ಮುಗಿಯದಿರಲು ಇನ್ನೊಂದು ಕಾರಣವಿದೆ. ಮಸುಕಾದರೂ ಬಣ್ಣ ಉಳಿಯುತ್ತದೆ, ಬೆಳಕೂ ಉಳಿಯುತ್ತದೆ. ಆಕಾರ ಕರಗಿದ ಹಿನ್ನೆಲೆ ಬರಿಯ ಬಣ್ಣವಾಗಿ ಇನ್ನೂ ಜೋರಾಗಿ ಮಾತಾಡಲೂಬಹುದು. ಈ ವಿಷಯದಲ್ಲಿ ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಯಾವ ಕ್ಯಾಮೆರಾ ಶಾಲೆಯೂ ಪಾಠ ಹೇಳಬೇಕಿಲ್ಲ. ಕಸೂತಿಗೆ ಅವರು ಆರಿಸಿಕೊಂಡ ನೆಲ ಯಾವುದು? ಚಂದ್ರಕಾಳಿ, ಕಪ್ಪು ಒಡಲಿನ ಇಳಕಲ್ ಸೀರೆ. ಕೆಂಪು, ಹಳದಿ, ಬಿಳಿ, ಹಸಿರು ದಾರಗಳು ಅದರ ಮೇಲೆ ಇರುಳಿನ ನಕ್ಷತ್ರದಂತೆ ಎದ್ದುಕಾಣುತ್ತವೆ. ಕಸೂತಿಯಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಗವಂತಿಯಾಗಲಿ ಮುರ್ಗಿಯಾಗಲಿ, ಹೊಲಿಗೆ ಹಾಕುವವರು ಮೊದಲು ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ, ನೆಯ್ಗೆಯ ಎಳೆಗಳನ್ನೇ ಎಣಿಸುತ್ತಾರೆ. ಗೋಪುರ, ತೇರು, ಕಮಲ ಎಲ್ಲದರ ಅಳತೆಯೂ ಒಡಲಿನ ಎಳೆಗಳಿಂದಲೇ ಹುಟ್ಟುತ್ತದೆ. ನೆಲ ಮೊದಲು, ಹೂ ಆಮೇಲೆ ಎಂಬ ಕ್ರಮ ಅಲ್ಲಿ ರೂಢಿಯೇ ಆಗಿದೆ. ಹೊಲದಲ್ಲಿ ನಮಗೆ ಸಿಗುವ ಚಂದ್ರಕಾಳಿ ಎರಿ ಮಣ್ಣು. ಒಣಗಿದಾಗ ಬೂದಿಗಪ್ಪು, ಇಬ್ಬನಿಗೋ ನೀರಿಗೋ ನೆಂದಾಗ ಕಾಡಿಗೆಗಪ್ಪು. ಕುಸುಬಿಯ ಹಳದಿ, ಬಾಡುತ್ತ ಬಂದಂತೆ ಕೆಂಪಿಗೆ ತಿರುಗುವ ಅದರ ಎಸಳು, ಈ ಕಪ್ಪಿನ ಮೇಲೆ ಉರಿಯುತ್ತವೆ. ಅದೇ ಹೂವಿನ ಹಿಂದೆ ಹಣ್ಣಾದ ಜೋಳದ ಕಣಕಿ ಬಂದರೆ ಹಳದಿಯಲ್ಲಿ ಹಳದಿ ಮುಳುಗುತ್ತದೆ. ಅಗಸಿಯ ನೀಲಿ ಮಾತ್ರ ಕಪ್ಪಿನ ಮೇಲೆ ತುಸು ಸೊರಗುತ್ತದೆ, ಅದಕ್ಕೆ ಜೋಳದ ಒಣಬಣ್ಣವೇ ಒಳ್ಳೆಯ ಜೊತೆ. ಬದುವಿನ ಮೇಲಿನ ತುಂಬೆ ಬಿಳಿ, ಅದಕ್ಕೆ ಗಾಢವಾದ ಯಾವುದಾದರೂ ನಡೆದೀತು. ಒಂದೇ ಹಿನ್ನೆಲೆ ಎಲ್ಲ ಹೂವಿಗೂ ಒಗ್ಗದು. ಆದ್ದರಿಂದ ‘ಚೆಂದದ ಹೂ ಎಲ್ಲಿದೆ’ ಎಂದು ಅಲೆಯುವುದಕ್ಕಿಂತ ‘ಈ ನೆಲಕ್ಕೆ ಯಾವ ಹೂ’ ಎಂದು ಕೇಳಿಕೊಂಡು ನಡೆದರೆ ಹುಡುಕಾಟ ಬೇಗ ಮುಗಿಯುತ್ತದೆ.

ಕಪ್ಪು ನೆಲಕ್ಕೆ ಒಂದು ಎಚ್ಚರಿಕೆ. ಕ್ಯಾಮೆರಾದ ಮೀಟರು ಚೌಕಟ್ಟಿನಲ್ಲಿರುವುದನ್ನೆಲ್ಲ ಕಲೆಸಿ ಒಂದು ನಡುಬೂದಿ ಬಣ್ಣಕ್ಕೆ ತರಲು ಹೆಣಗುತ್ತದೆ. ಎರಿ ಮಣ್ಣೇ ಮುಕ್ಕಾಲು ಭಾಗವಿದ್ದರೆ ಅದನ್ನು ಬೂದಿ ಮಾಡುವ ಭರದಲ್ಲಿ ಬೆಳಕು ಹೆಚ್ಚಿಸಿ, ಕುಸುಬಿಯ ಎಸಳುಗಳ ಗೆರೆಯೆಲ್ಲ ಸುಟ್ಟುಹೋಗುವಂತೆ ಮಾಡುತ್ತದೆ. ಅಲ್ಲಿ ಬೆಳಕನ್ನು ಒಂದು ಹಂತ ತಗ್ಗಿಸಬೇಕು. ಮುಂಗಾರಿನಲ್ಲಿ ಇದರ ತಿರುವುಮುರುವು. ಗಣೇಶ ಚೌತಿಯ ಸುಮಾರಿಗೆ ಗುಡ್ಡದ ಪೊದೆಗಳಲ್ಲಿ ಗೌರಿ ಹೂ ಅರಳುತ್ತದೆ. ಅದರ ಎಸಳು ಮೇಲಕ್ಕೆ ಮಡಚಿರುತ್ತವೆ, ಕೇಸರಗಳು ಕೆಳಕ್ಕೂ ಹೊರಕ್ಕೂ ಚಾಚಿರುತ್ತವೆ. ಹೀಗಾಗಿ ತಗ್ಗಿ ಕೆಳಗಿನಿಂದ ನೋಡುವ ಆಸೆಯಾಗುತ್ತದೆ. ತಗ್ಗಿದರೆ ಹಿಂದೆ ಬರುವುದು ಮೋಡದ ಬಿಳಿ ಬಾನು. ಮೀಟರು ಆ ಬಿಳುಪಿಗೆ ಹೆದರಿ ಬೆಳಕು ಕಡಿಮೆ ಮಾಡುತ್ತದೆ, ಬೆಂಕಿಯಂಥ ಹೂ ಮಸಿಯಂತಾಗುತ್ತದೆ. ಬೆಳಕು ಹೆಚ್ಚಿಸಿದರೆ ಹೂ ಉಳಿದೀತು, ಬಾನು ಬರಿ ಕಾಗದವಾದೀತು. ಎರಡೂ ಬೇಡವೆಂದರೆ ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಮೇಲೇರಿ, ಎದುರು ಗುಡ್ಡದ ಮೈ ಹೂವಿನ ಹಿಂದೆ ಬರುವಂತೆ ನಿಲ್ಲಬೇಕು. ಗುಡ್ಡ ಇರುವ ಊರಿನವರಿಗೆ ಈ ಸೌಕರ್ಯವಿದೆ. ಗಜೇಂದ್ರಗಡದ ಕಾಲಕಾಲೇಶ್ವರನ ಗುಡಿಯ ಸುತ್ತಿನ ಕಲ್ಲುಗೋಡೆಗಳಂಥ ಇಳಿಜಾರುಗಳು ಬೆಳಿಗ್ಗೆ ಒಂದು ಮಗ್ಗುಲು, ಸಂಜೆ ಇನ್ನೊಂದು ಮಗ್ಗುಲು ನೆರಳಿನಲ್ಲಿರುತ್ತವೆ. ಹೂ ಬಿಸಿಲಿನಲ್ಲಿ, ಹಿಂದಿನ ಗುಡ್ಡ ನೆರಳಿನಲ್ಲಿ ಎಂಬ ಹೊತ್ತನ್ನು ಕಾಯ್ದುಕೊಂಡರೆ ಯಾರೂ ಹಿಡಿದು ನಿಲ್ಲಬೇಕಿಲ್ಲದ ಕರಿಪರದೆ ಸಿಕ್ಕಂತೆ. ಸೂರ್ಯ ಹೂವಿನ ಹಿಂದಿದ್ದರೆ ಇನ್ನೂ ಒಳ್ಳೆಯದು, ಕುಸುಬಿಯ ಮುಳ್ಳಿನ ಅಂಚು, ಕಡಲೆ ಗಿಡದ ಸಣ್ಣ ರೋಮ, ಒಂದೊಂದಕ್ಕೂ ಬೆಳ್ಳಿಯ ಗೆರೆ ಮೂಡುತ್ತದೆ. ನೆರಳೂ ಹಿನ್ನೆಲೆಯಾದೀತು ಎಂಬುದು ಹೊಸ ಅರಿವೇನಲ್ಲ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದಲ್ಲಿ ಶಿಲ್ಪಿಗಳು ಬಳ್ಳಿ ಹೂಗಳ ಹಿಂದಿನ ಕಲ್ಲನ್ನು ಎಷ್ಟು ಆಳಕ್ಕೆ ಕೊರೆದಿದ್ದಾರೆಂದರೆ, ಆ ಪೊಳ್ಳಿನಲ್ಲಿ ನಿಂತ ಕತ್ತಲೆಯೇ ಹೂವಿಗೆ ಒಡಲಾಗಿದೆ. ಮೆದುಗಲ್ಲಾದ್ದರಿಂದ ಅದು ಸಾಧ್ಯವಾಯಿತು, ಕೊರೆಯಬೇಕೆಂದು ತೋಚಿದ್ದು ಮಾತ್ರ ಕಲ್ಲಿನ ಗುಣವಲ್ಲ.

ಗಜೇಂದ್ರಗಡದ ಗುಡ್ಡಸಾಲಿನ ಗಾಳಿಯಂತ್ರಗಳ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅವು ಇರುವಲ್ಲಿ ಗಾಳಿ ಇದೆ ಎಂದೇ ಅರ್ಥ. ಬಿಂಬ ಹೂವಿನಷ್ಟೇ ಗಾತ್ರಕ್ಕೆ ಬಂದಾಗ ಹೂ ಒಂದು ಮಿ.ಮೀ. ತೂಗಿದರೆ ಸೆನ್ಸರಿನ ಮೇಲಿನ ಬಿಂಬವೂ ಒಂದು ಮಿ.ಮೀ. ಓಡುತ್ತದೆ. ಚಳಿಗಾಲದ ಬೆಳಗು, ಬಿಸಿಲು ಏರಿ ಗಾಳಿ ಏಳುವ ಮುನ್ನಿನ ಹೊತ್ತು, ಅದಕ್ಕೇ ಬೆಲೆಯುಳ್ಳದ್ದು. ಯಂತ್ರಗಳು ಚಿತ್ರದೊಳಗೂ ನುಗ್ಗುತ್ತವೆ. ದೂರದ ಬಿಳಿ ಕಂಬ ಮಸುಕಾಗಿ, ಹೂವಿನ ಹಿಂದೆ ಒಂದು ಸುಣ್ಣದ ಪಟ್ಟೆಯಾಗಿ ನಿಲ್ಲುತ್ತದೆ. ಪಟ್ಟೆ ಹೂವಿನ ನಡುವೆ ಹಾದರೆ ಚಿತ್ರ ಕೆಟ್ಟಿತು. ಪಕ್ಕಕ್ಕೆ ಸರಿಸಿ, ತೊಟ್ಟಿಗೆ ಸಮಾನಾಂತರವಾಗಿ ನಿಲ್ಲಿಸಿದರೆ ಅದೇ ಪಟ್ಟೆ ತೊಟ್ಟಿನ ಪ್ರತಿಧ್ವನಿಯಾಗುತ್ತದೆ.

ಇಲ್ಲಿಗೆ ಸಂಯೋಜನೆಯ ಮಾತು ಬಂತು. ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ ಗೆರೆಗಳು ಕೂಡುವಲ್ಲಿ ಹೂವಿಡು ಎಂಬ ಸೂತ್ರವನ್ನು ಫೋನುಗಳೂ ಪರದೆಯ ಮೇಲೆ ಗೆರೆ ಎಳೆದು ತೋರಿಸುತ್ತವೆ. ಸೂತ್ರ ತಪ್ಪೇನಲ್ಲ, ಅರ್ಧ ಸತ್ಯ ಅಷ್ಟೇ. ಹೂವನ್ನು ಬದಿಗಿಟ್ಟಾಗ ಉಳಿದ ಎರಡು ಪಾಲು ಹಿನ್ನೆಲೆಯ ವಶವಾಗುತ್ತದೆ, ಆ ಎರಡು ಪಾಲಿಗೆ ಏನು ಕೆಲಸ ಎಂಬುದನ್ನು ಸೂತ್ರ ಹೇಳುವುದಿಲ್ಲ. ಹೂವಿಗೆ ಮುಖವಿದೆ. ಬಲಿತ ಸೂರ್ಯಕಾಂತಿ ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ, ಕುಸುಬಿ ಮೇಲಕ್ಕೆ, ಗೌರಿ ಹೂ ಕೆಳಕ್ಕೆ ನೋಡುತ್ತವೆ. ಮುಖ ಎತ್ತ ಇದೆಯೋ ಅತ್ತ ಜಾಗ ಬಿಡಬೇಕು, ಮತ್ತು ಆ ಜಾಗದಲ್ಲಿ ಬೆಳಕಿನ ಏರಿಳಿತವಾದರೂ ಇರಬೇಕು. ಇಲ್ಲವಾದರೆ ಅದು ಬಿಡುವಾಗದೆ ಬರಿ ಖಾಲಿಯಾಗುತ್ತದೆ. ಸೂರ್ಯಕಾಂತಿಯ ವಿಷಯದಲ್ಲಿ ಇನ್ನೊಂದು ಅನುಕೂಲವಿದೆ: ಅದರ ಮುಖಕ್ಕೆ ಎದುರಾಗಿ ನಿಂತರೆ ಹಿನ್ನೆಲೆ ಯಾವಾಗಲೂ ಪಡುವಣವೇ. ಬೆಳಿಗ್ಗೆ ಬಂದರೆ ಮುಖಕ್ಕೆ ನೇರ ಬಿಸಿಲು, ಹಿಂದೆ ನೀಲಿ ಬಾನು. ಸಂಜೆ ಬಂದರೆ ಎಸಳುಗಳ ಹಿಂದಿನಿಂದ ಬೆಳಕು ತೂರಿ ಬಾನು ಕೆಂಪಾಗಿರುತ್ತದೆ. ಯಾವುದು ಬೇಕೆಂಬುದನ್ನು ಮನೆಯಲ್ಲಿ ಕೂತೇ ನಿರ್ಧರಿಸಿಕೊಳ್ಳಬಹುದು. ಆಮೇಲೆ ಅಂಚು. ಗಜೇಂದ್ರಗಡದ ಪಟ್ಟೇದ ಅಂಚಿನ ಸೀರೆಯನ್ನು ಕಂಡವರಿಗೆ ಗೊತ್ತು, ಒಡಲಿನ ಸಣ್ಣ ಚೌಕಳಿಗಳ ಚದುರನ್ನು ಹಿಡಿದು ನಿಲ್ಲಿಸುವುದು ಅಗಲವಾದ ಅಂಚಿನ ಒಂದೇ ಬಣ್ಣ. ಚಿತ್ರದಲ್ಲಿ ಸಮಸ್ಯೆಗಳು ಒಳಬರುವುದು ಈ ಅಂಚಿನಿಂದಲೇ: ಮೂಲೆಯಲ್ಲಿ ತುಂಡಾದ ಎಲೆ, ಎಲ್ಲಿಂದ ಬಂತೆಂದು ತಿಳಿಯದ ಹುಲ್ಲುಗರಿ, ನೆಲ ಮುಟ್ಟದೆ ಅರ್ಧದಲ್ಲೇ ಕತ್ತರಿಸಿಹೋದ ತೊಟ್ಟು. ಗುಂಡಿ ಒತ್ತುವ ಮೊದಲು ಕಣ್ಣು ಒಮ್ಮೆ ಹೂವನ್ನು ಬಿಟ್ಟು ನಾಲ್ಕು ಅಂಚುಗಳ ಸುತ್ತ ಪ್ರದಕ್ಷಿಣೆ ಹಾಕಿ ಬರಬೇಕು.

ಈಗ ಗಟ್ಟಿಯಾದ ಆಕ್ಷೇಪಣೆಗೆ ಬರೋಣ. ಇಷ್ಟೆಲ್ಲ ಹೆಣಗಾಟ ಯಾಕೆ, ಹೂವಿನ ಹಿಂದೆ ಒಂದು ಕರಿ ಬಟ್ಟೆಯನ್ನೋ ಬಣ್ಣದ ರಟ್ಟನ್ನೋ ಹಿಡಿದರೆ ಮುಗಿಯಿತಲ್ಲ ಎಂದು ಕೇಳಬಹುದು. ಫ್ಲ್ಯಾಷ್ ಇದ್ದರೆ ಬಟ್ಟೆಯೂ ಬೇಡ. ಫ್ಲ್ಯಾಷಿನಿಂದ ಹೂ ಒಂದು ಅಡಿ, ಹಿನ್ನೆಲೆ ಎಂಟು ಅಡಿ ದೂರವಿದ್ದರೆ ಹಿನ್ನೆಲೆಗೆ ತಲುಪುವುದು ಹೂವಿಗೆ ಬಿದ್ದ ಬೆಳಕಿನ ಅರವತ್ತನಾಲ್ಕರಲ್ಲಿ ಒಂದು ಪಾಲು, ಅಂದರೆ ಕತ್ತಲೆ. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ಗಿಡಗಳ ಮೊಗ್ಗು, ಕುಡಿ, ತೊಟ್ಟುಗಳನ್ನು ಏನೂ ಇಲ್ಲದ ಹಿನ್ನೆಲೆಯ ಮುಂದೆ ದೊಡ್ಡದಾಗಿಸಿ ತೆಗೆದು, 1928ರಲ್ಲಿ ಪ್ರಕಟವಾದ ಪುಸ್ತಕದಿಂದ ಲೋಕಪ್ರಸಿದ್ಧನಾದ. ಅವನ ಚಿತ್ರಗಳು ಕಳಪೆಯೆಂದು ಯಾರೂ ಅನ್ನಲಾರರು. ಅವನು ಕಲೆ ಕಲಿಯುವವರಿಗೆ ಆಕಾರ ತೋರಿಸಲು ಹೊರಟವನು, ಸಸ್ಯದ ಶಿಲ್ಪವೇ ಅವನ ವಿಷಯ, ಆದ್ದರಿಂದ ಬರಿ ಹಿನ್ನೆಲೆ ಅವನಿಗೆ ಸರಿಯಾದ ಹಿನ್ನೆಲೆ. ಅಂದರೆ ಅವನೂ ಹಿನ್ನೆಲೆಯನ್ನೇ ಮೊದಲು ಆರಿಸಿದ. ಅವನ ಉದಾಹರಣೆ ಈ ವಾದದ ಕಡೆಗೇ ನಿಲ್ಲುತ್ತದೆ. ಆದರೆ ಆ ಗಿಡ ಯಾವ ಮಣ್ಣಿನಲ್ಲಿ ಬೆಳೆದಿತ್ತು, ಮಳೆಗಾಲದ್ದೋ ಬೇಸಿಗೆಯದೋ ಎಂಬುದನ್ನು ಆ ಚಿತ್ರದಿಂದ ತಿಳಿಯಲಾಗದು. ಕಪ್ಪತಗುಡ್ಡದ ಗಿಡವನ್ನೂ ಬೆಂಗಳೂರಿನ ಕುಂಡದ ಗಿಡವನ್ನೂ ಕರಿಬಟ್ಟೆ ಒಂದೇ ಮಾಡಿಬಿಡುತ್ತದೆ. ಹೂವಿನ ಆಕಾರ ಬೇಕಾದವರು ಬಟ್ಟೆ ಹಿಡಿಯಲಿ, ಹೂವಿನ ಇರವು ಬೇಕಾದವರು ಅದರ ಹಿಂದಿನ ನೆಲವನ್ನು ಉಳಿಸಿಕೊಳ್ಳಲಿ.

‘ನಿಸರ್ಗವನ್ನು ಇದ್ದಂತೆ ತೆಗೆಯಬೇಕು, ಆರಿಸುವುದೇ ಸುಳ್ಳು’ ಎಂಬ ಎದುರು ತುದಿಯ ಆಕ್ಷೇಪಣೆಯೂ ಇದೆ. ಕರ್ನಾಟಕದಲ್ಲಿ ನಿಸರ್ಗ ಛಾಯಾಗ್ರಹಣಕ್ಕೆ ಗಟ್ಟಿ ಪರಂಪರೆ ಇರುವುದರಿಂದ ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆಯವರಂಥವರು ಕಾಡಿನಲ್ಲಿ ವರ್ಷಗಟ್ಟಲೆ ಕಾದು ತೆಗೆದವರು, ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಈ ಶಿಸ್ತನ್ನು ಹೊಸಬರಿಗೆ ದಾಟಿಸುತ್ತಿದೆ. ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಸರ್ಗ ವಿಭಾಗದಲ್ಲಿ ಚಿತ್ರಕ್ಕೆ ಏನನ್ನೂ ಸೇರಿಸುವಂತಿಲ್ಲ; ಅಂಚು ಕತ್ತರಿಸುವುದನ್ನು ಬಿಟ್ಟರೆ ಏನನ್ನೂ ತೆಗೆಯುವಂತಿಲ್ಲ. ಬೆಳೆಸಿದ ಗಿಡದ ಚಿತ್ರಕ್ಕೆ ಅಲ್ಲಿ ಪ್ರವೇಶವೇ ಇಲ್ಲ. ಆ ಲೆಕ್ಕದಲ್ಲಿ ರಾಜೂರ ಹೊಲದ ಕುಸುಬಿ ನಿಸರ್ಗವಲ್ಲ, ಅದೇ ಹೊಲದ ಬದುವಿನ ತುಂಬೆ ನಿಸರ್ಗ! ದನ ಕಾಯುವವರು ಕೇಳಿದರೆ ನಕ್ಕಾರು. ಇರಲಿ, ನಿಯಮದ ಉದ್ದೇಶ ಸರಿಯಾದದ್ದು. ಆದರೆ ಇಷ್ಟು ಬಿಗಿಯಾದ ನಿಯಮ ಕೂಡ ಛಾಯಾಗ್ರಾಹಕ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಬರಬೇಕು, ಯಾವ ಲೆನ್ಸು ಹಾಕಬೇಕು ಎಂಬುದರಲ್ಲಿ ಕೈಹಾಕಿಲ್ಲ. ತಾನು ಜರುಗುವುದು ಆಯ್ಕೆ, ಗಿಡವನ್ನು ಜರುಗಿಸುವುದು ಹಸ್ತಕ್ಷೇಪ. ಎರಡರ ನಡುವೆ ಮಬ್ಬು ಗೆರೆಯೊಂದಿದೆ ನಿಜ. ಹೂವಿನ ಮುಂದೆ ಬಾಗಿದ ಒಣಹುಲ್ಲನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ ಹಿಡಿಯುವುದು ನನಗೆ ಒಪ್ಪಿಗೆ, ಕಿತ್ತೆಸೆಯುವುದು ಒಪ್ಪಿಗೆಯಲ್ಲ. ಒಬ್ಬರ ಬೆಳೆಯೊಳಗೆ ಮಂಡಿಯೂರುವಾಗ ಹೊಲದವರ ಒಪ್ಪಿಗೆ ಇವೆಲ್ಲಕ್ಕಿಂತ ಮೊದಲಿನದು.

ಕಂಪ್ಯೂಟರಿನಲ್ಲಿ ಹಿನ್ನೆಲೆಯನ್ನೇ ಬದಲಿಸಬಹುದಲ್ಲ ಎಂಬುದಕ್ಕೆ ಹೆಚ್ಚು ಹೇಳಬೇಕಿಲ್ಲ. ಫೋನಿನ ಪೋರ್ಟ್ರೇಟ್ ಮೋಡ್ ಹೂ ಎಲ್ಲಿ ಮುಗಿಯಿತು, ಹಿನ್ನೆಲೆ ಎಲ್ಲಿ ಶುರುವಾಯಿತು ಎಂದು ಊಹಿಸಿ ಮಸುಕು ಬಳಿಯುತ್ತದೆ. ಕುಸುಬಿಯ ಮುಳ್ಳಿನ ತುದಿಗಳಲ್ಲಿ ಆ ಊಹೆ ಎಡವುವುದು ಹೆಚ್ಚು, ಅರ್ಧ ಮುಳ್ಳು ಇದ್ದು ಅರ್ಧ ಮಾಯವಾಗಿರುತ್ತದೆ. ಇನ್ನೂ ಮುಂದೆ ಹೋದ ತಂತ್ರಾಂಶ ಎರಿ ಮಣ್ಣಿನ ಜಾಗದಲ್ಲಿ ಯಾವುದೋ ದೇಶದ ಹುಲ್ಲುಗಾವಲನ್ನು ಕೂರಿಸಿಕೊಟ್ಟೀತು. ಅದೊಂದು ಚಿತ್ರವಾದೀತು, ರಾಜೂರ ಕುಸುಬಿಯ ಚಿತ್ರವಾಗದು.

ಫೋನನ್ನೇ ಬೇರೆ ರೀತಿಯಲ್ಲಿ ಬಳಸುವ ದಾರಿಯನ್ನು ಮಾತ್ರ ಬಿಡುವಂತಿಲ್ಲ. ಅದರ ಚಿಕ್ಕ ಸೆನ್ಸರು ಹಿನ್ನೆಲೆಯನ್ನು ಸುಲಭಕ್ಕೆ ಕರಗಿಸದು, ಅಗಲ ಲೆನ್ಸು ಹೂವಿಗೆ ನಾಲ್ಕು ಬೆರಳು ಹತ್ತಿರ ಹೋದರೂ ಹಿಂದಿನ ಹೊಲವನ್ನೆಲ್ಲ ಸೆಳೆದುಕೊಳ್ಳುತ್ತದೆ. ಮೇಲಿನ ಲೆಕ್ಕದಲ್ಲಿ ಇದು ದೋಷ. ಆದರೆ ಹೂವನ್ನು ಅದರ ಊರಿನೊಡನೆ ತೋರಿಸಬೇಕೆಂದಾಗ ಇದೇ ಗುಣ: ಮುಂದೆ ತಟ್ಟೆಯಗಲದ ಕುಸುಬಿ, ಅದರ ಕೆಳಗೆ ಹರಿದ ಕಪ್ಪು ಸಾಲುಗಳು, ದೂರದ ಜೋಳದಾಚೆ ಗುಡ್ಡ, ಗುಡ್ಡದ ಮೇಲೆ ಕಡ್ಡಿಯಂಥ ಗಾಳಿಯಂತ್ರ. ಇಲ್ಲಿ ಹಿನ್ನೆಲೆ ಮರೆಯಾಗಬೇಕಿಲ್ಲ, ಅಣಿಯಾಗಬೇಕು. ಸಾಲುಗಳು ಹೂವಿನ ಬುಡಕ್ಕೆ ಬಂದು ಸೇರುವಂತೆ, ದಿಗಂತದ ಗೆರೆ ಹೂವಿನ ಕುತ್ತಿಗೆಯನ್ನು ಕಡಿಯದಂತೆ, ಫೋನನ್ನು ಒಂದು ಗೇಣು ತಗ್ಗಿಸಿಯೋ ಏರಿಸಿಯೋ ನೋಡಬೇಕು. ಬುತ್ತಿಯ ಬುಟ್ಟಿಯೂ ಆಗ ಚಿತ್ರದೊಳಗೆ ಬರಬಹುದು, ಅದು ಬೇಕೆಂದು ಬಂದದ್ದಾಗಿರಬೇಕು ಅಷ್ಟೇ.

ಕೊನೆಗೆ ಅಗಸಿಯ ಬಗ್ಗೆ ಎರಡು ಮಾತು, ಯಾಕೆಂದರೆ ಚರಗ ಚೆಲ್ಲಿ ಊಟ ಮುಗಿಸಿ ಕ್ಯಾಮೆರಾ ತೆಗೆಯುವವರಿಗೆ ಅದು ಕಾಯುವುದಿಲ್ಲ. ಬೆಳಿಗ್ಗೆ ಅರಳಿದ ಅದರ ಎಸಳುಗಳು ಮಧ್ಯಾಹ್ನದ ಹೊತ್ತಿಗೆ ಕಳಚಿ ಬೀಳತೊಡಗುತ್ತವೆ. ತಡವಾಗಿ ಬಂದವರು ಗಿಡದಲ್ಲಿ ಹುಡುಕುವುದನ್ನು ಬಿಟ್ಟು ಕೆಳಗೆ ನೋಡಬೇಕು: ಬಿರುಕುಬಿಟ್ಟ ಕರಿ ಎರಿಯ ಮೇಲೆ ನೀಲಿ ಎಸಳುಗಳು ಚೆಲ್ಲಿರುತ್ತವೆ. ಹೂವೂ ನೆಲವೂ ಒಂದೇ ಮಟ್ಟದಲ್ಲಿರುವುದರಿಂದ ಇಲ್ಲಿ ಮಸುಕಿನ ಲೆಕ್ಕ ಬೇಡ, ಆಳದ ಚಿಂತೆಯೂ ಕಡಿಮೆ. ಕ್ಯಾಮೆರಾವನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು, ಸ್ವಲ್ಪ ದೂರದಿಂದ, ಎಫ್ 5.6ರಲ್ಲಿ ತೆಗೆದರೂ ಎಸಳಿನ ನರಗಳೂ ಮಣ್ಣಿನ ಹೆಂಟೆಗಳೂ ಚೂಪಾಗಿ ಬರುತ್ತವೆ. ನಮ್ಮ ನೆರಳು ಅದರ ಮೇಲೆ ಬೀಳದಂತೆ ನಿಂತರಾಯಿತು.